ಮಾತ್ರೆಗೂ ಅಮಾವಾಸ್ಯೆ ರಜೆ

ತಿಂಗಳಿಗೆ ಹದಿನಾಲ್ಕು ಸೀರೆ. ಮೊದಲ ಸಲ ಕೇಳಿದಾಗ ಆ ಮಾತ್ರೆಗಳ ಬೆಲೆ ಅಷ್ಟಿತ್ತು. ರೂಪಾಯಿಯಲ್ಲಿ ಹೇಳಬಹುದಿತ್ತು, ಆದರೆ ಅಕ್ಕ ಯಾವುದನ್ನೂ ರೂಪಾಯಿಯಲ್ಲಿ ಅಳೆದವಳಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕುಣಿಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಹೆಂಗಸು, ಎಷ್ಟೇ ಗಟ್ಟಿಗಿತ್ತಿಯಾದರೂ, ತಿಂಗಳಿಗೆ ಎಂಟು ಸೀರೆ ಇಳಿಸಿದರೆ ಹೆಚ್ಚು. ಅಂದರೆ ಒಂದು ತಿಂಗಳು ಬದುಕುವುದಕ್ಕೆ ಹತ್ತಿರ ಹತ್ತಿರ ಎರಡು ತಿಂಗಳು ನೇಯಬೇಕು. ಹುಬ್ಬಳ್ಳಿಯ ದವಾಖಾನೆಯ ಔಷಧಿ ಅಂಗಡಿಯ ಕಿಟಕಿಯೊಳಗೆ ತಲೆ ತೂರಿಸಿ ಆಕೆ ಕೇಳಿದಳು: “ಇದನ್ನ ನುಂಗಿದ್ರ ಇನ್ನೆರಡು ಕೈ ಬರ್ತಾವೇನ್ರಿ?”

ಇಷ್ಟು ಬೆಲೆ ಯಾಕೆ ಎಂದರೆ ಕಂಪನಿಯವರು ಸಂಶೋಧನೆಯ ಖರ್ಚು ಎನ್ನುತ್ತಾರೆ. ಸುಳ್ಳಿರಲಿಕ್ಕಿಲ್ಲ. ಆದರೆ ಮೂವತ್ತು ವರ್ಷ ಸೀರೆ ಮಾರಿದ ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಸಂತೆಗೆ ಒಬ್ಬನೇ ಬದನೆಕಾಯಿ ತಂದಿದ್ದರೆ ಅವನು ಬಾಯಿಬಿಟ್ಟದ್ದೇ ದರ. ಮುಂದೆ ಬೇರೆ ಕಂಪನಿಗಳೂ ಅದೇ ಮದ್ದು ಮಾಡತೊಡಗಿದವು. ನಾನೂ ಸುಮ್ಮನೆ ಕೂಡಲಿಲ್ಲ. ಮೂರು ಊರಿನ ಸಗಟು ಅಂಗಡಿಗಳಿಗೆ ಫೋನ್ ಹಚ್ಚಿ, ಒಬ್ಬನ ದರ ಇನ್ನೊಬ್ಬನಿಗೆ ಹೇಳಿ ಹೇಳಿ, ಹದಿನಾಲ್ಕನ್ನು ನಾಲ್ಕು ಸೀರೆಗೆ ತಂದು ನಿಲ್ಲಿಸಿದೆ. ಈ ವಿಷಯದಲ್ಲಿ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಆದರೆ ಚೌಕಾಸಿಯಲ್ಲಿ ಜೀವಮಾನವಿಡೀ ನನ್ನನ್ನು ಸೋಲಿಸಿದವಳು ಒಬ್ಬಳೇ ಒಬ್ಬಳು, ಮತ್ತು ಆಕೆ ಹೋಗಿ ಒಂದು ವರ್ಷವಾಗುತ್ತ ಬಂತು.

ಹೆಸರು ಬರೆಯುವುದಿಲ್ಲ. ಬರೆಯಬೇಡವೆಂದು ಆಕೆಯೇ ಹೇಳಿದ್ದಳು: “ತಂಗಿ ಮಕ್ಕಳ ಲಗ್ನ ಆಗೋದೈತಿ, ಬಾಯಿ ಮುಚ್ಚಿಕೊಂಡಿರ್ರಿ.” ಓಣಿಯೆಲ್ಲ ಆಕೆಯನ್ನು ಅಕ್ಕಾ ಎನ್ನುತ್ತಿತ್ತು, ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಮಗ್ಗ, ಸೂಡಿಯ ಕಡೆ ಎರಡೆಕರೆ ಹೊಲ, ಕೊಣ್ಣೂರಿಗೆ ಕೊಟ್ಟ ಒಬ್ಬ ತಂಗಿ ಮತ್ತು ಒಂದು ನಾಲಿಗೆ. ನಾಲ್ಕರಲ್ಲಿ ನಾಲಿಗೆಗೇ ಕೆಲಸ ಹೆಚ್ಚು.

ನಾನು ಪುರ್ತಗೇರಿಯವನು. ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ರೋಣ, ನರಗುಂದ ಎಂದು ಮನೆ ಮನೆ ತಿರುಗುತ್ತಿದ್ದ ಕಾಲದಲ್ಲಿ ಮೊದಲ ನಾಲ್ಕು ಸೀರೆ ನಂಬಿ ಕೊಟ್ಟವಳು ಆಕೆ. ಈಗ ರೋಣದಲ್ಲೊಂದು, ಗಜೇಂದ್ರಗಡದಲ್ಲೊಂದು ಅಂಗಡಿ ಇವೆ, ಕಾರಿದೆ. ಆಕೆ ನನ್ನನ್ನು ‘ಸಾವ್ಕಾರ್ರ’ ಎಂದು ಕರೆಯಲು ಶುರುಮಾಡಿದ್ದು ನನ್ನ ಚಪ್ಪಲಿಗೆ ಸುತಳಿ ಕಟ್ಟಿದ್ದ ದಿನಗಳಲ್ಲಿ. ಕಾರು ಬಂದ ಮೇಲೂ ಅದೇ ದನಿ, ಅದೇ ಓರೆ ನಗು. ವಿಷಯ ಬಹಳ ಗಂಭೀರವಾದರೆ ಮಾತ್ರ ‘ತಮ್ಮಾ’ ಎನ್ನುತ್ತಿದ್ದಳು. ಅಷ್ಟು ವರ್ಷದಲ್ಲಿ ನಾಲ್ಕು ಸಲ ಕೇಳಿರಬೇಕು.

ಅಷ್ಟು ಮಾತಿನ ಹೆಂಗಸು ಬೆಲೆ ಮಾತಾಡುವ ಹೊತ್ತಿಗೆ ಮೂಕಿ. ನಾನು ಒಂದು ದರ ಹೇಳಿದರೆ ಮುಖ ಎತ್ತದೆ ನೇಯುತ್ತಲೇ ಇರುತ್ತಿದ್ದಳು. ದರ ಸರಿಯಿದ್ದರೆ ಮಗ್ಗದ ಸಪ್ಪಳ ಹಾಗೇ ಇರುತ್ತಿತ್ತು. ಕಡಿಮೆಯಾದರೆ ಬಡಿತ ಜೋರಾಗುತ್ತಿತ್ತು. ತೀರ ಕಡಿಮೆಯಾದರೆ ಓಣಿಯ ನಾಯಿ ಎದ್ದು ಕೂಡುವಷ್ಟು ಬಡಿಯುತ್ತಿದ್ದಳು. ನಾನು ಏರಿಸುತ್ತ ಹೋಗಬೇಕು, ಸಪ್ಪಳ ಇಳಿಯುತ್ತ ಬರಬೇಕು. ಒಮ್ಮೆ ನಾನೂ ಹಟ ಹಿಡಿದು ಬಾಯಿ ಬಿಗಿದು ಕೂತೆ. ಸ್ವಲ್ಪ ಹೊತ್ತಿಗೆ ಆಕೆ ಲಾಳಿ ಕೆಳಗಿಟ್ಟು, “ಸಾವ್ಕಾರ್ರ, ಚಾ ಕುಡೀತೀರೇನ್ರಿ?” ಎಂದಳು. ಗೆದ್ದೆ ಎಂದುಕೊಂಡು ಹೂಂ ಎಂದೆ.

“ಹಂಗಾರ ಮೂಲಿ ಹೋಟೆಲ್‌ನ್ಯಾಗ ಕುಡದು ಬರ್ರಿ. ಬರೋದ್ರಾಗ ಬುದ್ಧಿ ಬಂದಿರ್ತೈತಿ.”

ಓಣಿಯಲ್ಲಿ ಆಕೆಯ ಹೆಸರು ನಿಂತಿದ್ದು ನೇಯ್ಗೆಗಿಂತ ಕೆಚ್ಚುವ ಕೆಲಸದ ಮೇಲೆ. ಮಗ್ಗದ ಮೇಲೆ ಉದ್ದಕ್ಕೆ ಹಾಯಿಸಿದ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಿ ಹೊಸೆಯುತ್ತಾರೆ. ಸಾವಿರಾರು ಎಳೆ. ಬೂದಿ ಹಚ್ಚಿದ ಎರಡು ಬೆರಳ ನಡುವೆ ಒಂದು ಹೊಸೆತ, ಮುಂದಿನ ಎಳೆ, ಇನ್ನೊಂದು ಹೊಸೆತ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ನೇಯುವಾಗ ಎಳೆ ಹರಿದರೆ ಕೂಡಿಸುವುದೂ ಅದೇ ಕೈ. ಯಾರ ಮಗ್ಗದ ಹಾಸು ಮುಗಿದರೂ ಅಕ್ಕನಿಗೆ ಕರೆ ಬರುತ್ತಿತ್ತು. ಬಾಯಲ್ಲಿ ಓಣಿಯ ಅರ್ಧ ಸಂಸಾರಗಳನ್ನು ಹರಿಯುತ್ತ, ಬೆರಳಲ್ಲಿ ಎಳೆಗಳನ್ನು ಕೂಡಿಸುತ್ತ ಕೂಡುತ್ತಿದ್ದಳು.

ಒಮ್ಮೆ ನನ್ನ ಕಣ್ಣೆದುರೇ ಸೆರಗಿನ ಹತ್ತಿರ ಏಳೆಂಟು ಎಳೆ ಪಟ್ಟನೆ ಹರಿದವು. ನಾನು ಒಳಗೊಳಗೇ ಖುಷಿಪಟ್ಟೆ. ಹರಕು ಎಂದರೆ ದರ ಇಳಿಸಲು ನೆಪ. ಎರಡು ದಿನ ಬಿಟ್ಟು ಸೀರೆ ಒಯ್ಯಲು ಬಂದಾಗ, “ಇದರಾಗ ಹರಕ ಐತ್ರಿ ಅಕ್ಕಾರ, ನೂರು ರೂಪಾಯಿ ಬಿಡ್ರಿ” ಎಂದೆ.

“ಎಲ್ಲೈತಿ ತೋರಸ್ರಿ, ಇನ್ನೂರು ಬಿಡತೇನಿ.”

ಬಿಸಿಲಿಗೆ ಹಿಡಿದೆ. ಮಡಚಿ ನೋಡಿದೆ, ಬಿಚ್ಚಿ ನೋಡಿದೆ, ಉಗುರಿನಿಂದ ಗೀರಿ ನೋಡಿದೆ. ಒಂದು ತಾಸು ಹುಡುಕಿದರೂ ಸಿಗಲಿಲ್ಲ. ಆಕೆ ನೇಯುವುದು ನಿಲ್ಲಿಸದೆ ಹೇಳಿದಳು: “ಕಣ್ಣಿನ ಡಾಕ್ಟರಿಗೆ ಎಷ್ಟ ಕೊಡತೀರಿ? ಅದ್ರಾಗ ಅರ್ಧ ನನಗ ಕೊಡ್ರಿ. ನಿಮ್ಮ ಕಣ್ಣು ಹೋಗ್ಯಾವ ಅಂತ ಕಂಡಹಿಡದಾಕಿ ನಾ.”

ಇಂಥವಳಿಗೆ ರೋಗ ಬಂತು. ಬಂದದ್ದು ಗೊತ್ತಾಗಲೂ ಆಕೆಗೆ ಆಕೆಯದೇ ದಾರಿ. ಉಟ್ಟ ಸೀರೆಯಲ್ಲಿ ಒಂದು ನೆರಿಗೆ ಕಡಿಮೆ ಬೀಳತೊಡಗಿತು. ಸೀರೆ ಕುಗ್ಗುತ್ತಿದೆ, ನೂಲು ಖೊಟ್ಟಿ ಎಂದು ನೂಲಿನ ವ್ಯಾಪಾರಿಯ ಜೊತೆ ನಾಲ್ಕು ತಿಂಗಳು ಜಗಳವಾಡಿದಳು. ಆ ಬಡಪಾಯಿ ಒಂದು ಲಡಿ ನೂಲು ಪುಕ್ಕಟೆ ಕೊಟ್ಟು ಕೈಮುಗಿದ. ಎರಡನೆಯ ನೆರಿಗೆಯೂ ಹೋದಾಗಲೇ ಉಬ್ಬುತ್ತಿರುವುದು ಹೊಟ್ಟೆ ಎಂದು ಒಪ್ಪಿಕೊಂಡದ್ದು. ಮತ್ತೆರಡು ತಿಂಗಳು ಗ್ಯಾಸು ಎಂದು ಓಂಕಾಳು ತಿಂದಳು. ಕೊನೆಗೆ ರೋಣದ ಡಾಕ್ಟರು ಸ್ಕ್ಯಾನ್ ಮಾಡಿಸಿ ಹುಬ್ಬಳ್ಳಿಗೆ ಕಳಿಸಿದರು. ಅಂಡಾಶಯದ ಕ್ಯಾನ್ಸರ್, ಹೊಟ್ಟೆಯೊಳಗೆ ಹರಡಿತ್ತು.

ಆಪರೇಷನ್ ಆಯಿತು, ಕಿಮೋ ಆಯಿತು. ನಾನೇ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಊರವರು ದೊಡ್ಡ ಉಪಕಾರ ಎಂದರು. ಆಕೆ ಮಾತ್ರ, “ಉಪಕಾರ ಅಲ್ರಿ, ನಾ ಸತ್ರ ಅವರ ಅಂಗಡ್ಯಾಗ ಚಲೋ ಸೀರಿ ಇರಂಗಿಲ್ಲ” ಎಂದು ಎಲ್ಲರೆದುರು ಹೇಳಿಬಿಟ್ಟಳು. ಖರೇ ಮಾತು, ಏನು ಮಾಡುವುದು. ತಲೆಗೂದಲು ಉದುರಿದಾಗ ದವಾಖಾನೆಯಲ್ಲಿ ಒಬ್ಬ ನರ್ಸು ಸಮಾಧಾನ ಹೇಳಲು ಬಂದಳು. ಅಕ್ಕ ಸೆರಗು ತಲೆ ತುಂಬ ಎಳೆದುಕೊಂಡು ಹೇಳಿದಳು: “ನಮ್ಮ ಕಡಿ ಹೆಂಗಸರು ಯಾಕ ತಲಿಮ್ಯಾಲೆ ಸೆರಗು ಹೊತ್ಕೋತಾರ ಅಂತ ಈಗ ತಿಳೀತು ನೋಡವಾ. ಯಾರೋ ಮೊದಲ ಕಿಮೋ ಮಾಡಿಸ್ಕೊಂಡಿರಬೇಕು.”

ಕಿಮೋ ಮುಗಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಧಾರವಾಡದ ಕಡೆಯ ಹೆಣ್ಣುಮಗಳು, ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಆಪರೇಷನ್ನಿನಲ್ಲಿ ತೆಗೆದ ತುಂಡನ್ನೂ ಅಕ್ಕನ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರಂತೆ, ವರದಿ ಬಂದಿತ್ತು: ಹುಟ್ಟಿನಿಂದಲೇ ಬಂದ ಒಂದು ದೋಷ ಸಿಕ್ಕಿತ್ತು.

“ನೋಡ್ರಿ ಅಮ್ಮಾ, ನಮ್ಮ ಮೈಯ್ಯಾಗಿನ ಒಂದೊಂದು ಜೀವಕೋಶದಾಗೂ ಒಂದು ಉದ್ದನ್ನ ಎಳಿ ಇರ್ತೈತಿ, ಡಿಎನ್‌ಎ ಅಂತಾರ. ಅದು ದಿನಾ ಅಲ್ಲಲ್ಲೆ ಹರೀತೈತಿ. ಅದನ್ನ ಕೂಡಸಾಕ ಒಳಗ ಪ್ರೋಟೀನ್‌ಗಳು ಅದಾವ.”

“ಕೆಚ್ಚೋರು,” ಎಂದಳು ಅಕ್ಕ. ಆ ದಿನ ಮೊದಲ ಸಲ ಆಸಕ್ತಿಯಿಂದ ಮುಂದಕ್ಕೆ ಬಾಗಿದಳು.

“ಹೌದ್ರಿ, ಕೆಚ್ಚೋರು. ಸಣ್ಣ ಹರಕ ಕೂಡಸೋರು ಒಂದು ಗುಂಪು, ಪೂರಾ ತುಂಡಾದದ್ದನ್ನ ಕೂಡಸೋರು ಇನ್ನೊಂದು ಗುಂಪು. ನಿಮ್ಮ ಕ್ಯಾನ್ಸರ್ ಕೋಶದಾಗ ಆ ಎರಡನೇ ಗುಂಪು ಇಲ್ಲ. ಮೊದಲನೇ ಗುಂಪಿನ ಮ್ಯಾಲೆ ಅದರ ಜೀವನ ನಡದೈತಿ. ಈ ಗುಳಿಗಿ ಆ ಮೊದಲನೇ ಗುಂಪಿನ ಕೈ ಕಟ್ಟತೈತಿ. ಸಣ್ಣ ಹರಕು ದೊಡ್ಡದಾಗತಾವ, ಕೂಡಸೋರು ಇರಂಗಿಲ್ಲ, ಕ್ಯಾನ್ಸರ್ ಕೋಶ ಸಾಯತೈತಿ. ನಿಮ್ಮ ಚಲೋ ಕೋಶಗಳಾಗ ಎರಡನೇ ಗುಂಪು ಗಟ್ಟಿ ಐತಿ, ಅವು ಹ್ಯಾಂಗೋ ನಿಭಾಯಿಸ್ತಾವ.”

ಇಷ್ಟು ಚಂದ ಹೇಳಿದ ಮೇಲೆ ಯಾರಾದರೂ ಹೂಂ ಎನ್ನುತ್ತಾರೆ. ಅಕ್ಕ ಎದ್ದು ನಿಂತಳು.

“ಕೆಚ್ಚೋರ ಕೈ ಕಟ್ಟೋ ಗುಳಿಗಿ ನಾ ನುಂಗಂಗಿಲ್ಲ.”

ಡಾಕ್ಟರಮ್ಮ ಗಾಬರಿಯಾದರು. ನುಂಗದಿದ್ದರೆ ರೋಗ ಬೇಗ ತಿರುಗಿ ಬರುವ ಸಂಭವ ಬಹಳ, ನುಂಗಿದರೆ ಅದನ್ನು ಇನ್ನಷ್ಟು ಕಾಲ ದೂರ ಇಡಬಹುದು ಎಂದರು. ಅಕ್ಕ ಕೇಳಲಿಲ್ಲ. ಕಾರು ನವಲಗುಂದ ದಾಟಿತು. ಹುಟ್ಟಿದಾಗಿನಿಂದ ಮಾಡಿದ ಕೆಲಸವನ್ನು ಹೊಟ್ಟೆಯೊಳಗೆ ನಿಲ್ಲಿಸುವುದೆಂದರೆ ಆಕೆಗೆ ದೈವದ್ರೋಹದಂತೆ ಕಂಡಿರಬೇಕು. ದೈವದ ಬಗ್ಗೆ ಆಕೆಗೆ ಅಂಥ ಮರ್ಯಾದೆಯೇನೂ ಇರಲಿಲ್ಲ ಎಂಬುದು ಬೇರೆ ಮಾತು.

ಬೇಡ ಎಂದವರಿಗೆ ಮಾಲು ಮಾರುವುದೇ ನನ್ನ ಕಸುಬು. ಶುರುಮಾಡಿದೆ: “ಅಕ್ಕಾರ, ನಿಮ್ಮ ಸೀರಿ ಬಣ್ಣ ಕದ್ದು ನೇಯೋ ಮನುಷಾ ಇದಾನ ಅಂತ ತಿಳೀರಿ. ಅವನ ಮಗ್ಗದಾಗ ಎಳಿ ಹರಿದ್ರ ನೀವು ಹೋಗಿ ಕೆಚ್ಚತೀರೇನು?”

“ಕೆಚ್ಚತೇನಿ. ಹೋದ ವರ್ಷ ಕೆಚ್ಚೇನಿ. ಕಳ್ಳಂದಾದ್ರೇನು, ಮಗ್ಗ ನಿಲ್ಲಬಾರದು.”

ನನ್ನ ವಾದ ಅಲ್ಲಿಗೇ ಮಲಗಿತು. ನರಗುಂದದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಮಿರ್ಚಿ ಭಜಿ ತರಿಸಿದೆ. ಆಕೆ ಎರಡನೆಯ ಮಿರ್ಚಿಗೆ ಕೈ ಹಾಕಿದಾಗ ಇನ್ನೊಂದು ದರ ಹೇಳಿ ನೋಡಿದೆ.

“ಪವರ್‌ಲೂಮ್ ಆದ್ರ?”

ಆಕೆಯ ಕೈ ನಿಂತಿತು. ಪವರ್‌ಲೂಮ್ ಎಂದರೆ ಅಕ್ಕನಿಗೆ ಮೈಯೆಲ್ಲ ಉರಿ. ಯಾರನ್ನೂ ಕೇಳುವುದಿಲ್ಲ, ಹೊತ್ತುಗೊತ್ತಿಲ್ಲ, ಹಗಲೂ ರಾತ್ರಿ ಖೊಟ್ಟಿ ಸೀರೆ ಉಗುಳುತ್ತದೆ, ಪಕ್ಕದ ಕೈಮಗ್ಗಗಳ ಅನ್ನ ತಿನ್ನುತ್ತದೆ ಎಂದು ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು.

“ನಿಮ್ಮ ಹೊಟ್ಟ್ಯಾಗ ಕೂತದ್ದು ಕೈಮಗ್ಗ ಅಲ್ರಿ ಅಕ್ಕಾರ. ಪವರ್‌ಲೂಮ್ ಐತಿ. ಅದರ ಎಳಿ ಕೆಚ್ಚಬೇಕೋ ಬ್ಯಾಡೋ, ನೀವ ಹೇಳ್ರಿ.”

ಆಕೆ ಮಿರ್ಚಿ ಪೂರ್ತಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡಳು. “ಮೊದಲ ಹಂಗ ಹೇಳಬಾರದೇನು? ಆ ಹುಡುಗಿ ಏನೇನೋ ಪ್ರೋಟೀನ್ ಅಂತು. ಗಾಡಿ ತಿರಗಿಸ್ರಿ.”

“ಈಗ ದವಾಖಾನಿ ಮುಚ್ಚಿರ್ತೈತಿ. ನಾಳೆ ಹೋಗೂಣು.”

“ನಾಳೆ ನನ್ನ ಮನಸು ತಿರುಗಿದ್ರ ನಿಮ್ಮ ಹೊಣಿ.”

ಮರುದಿನವೇ ತಂದೆವು. ಮೊದಲ ತಿಂಗಳುಗಳ ದುಡ್ಡು ಆಕೆಯ ಕೊರಳಿನ ಬಂಗಾರದಿಂದ ಬಂತು, ಆಮೇಲಿನದು ಸೂಡಿಯ ಎರಡೆಕರೆಯಿಂದ. ನಾನು ಹೊಲಕ್ಕೆ ಒಳ್ಳೆಯ ಗಿರಾಕಿ ಹುಡುಕಿಕೊಟ್ಟೆ, ದಲಾಲಿ ತಗೊಳ್ಳಲಿಲ್ಲ. ಆಕೆಗೆ ಅದೇ ಸಂಶಯ: “ದಲಾಲಿ ಬ್ಯಾಡ ಅಂದ್ರಿ, ಅಂದ್ರ ಆ ಕಡಿಯಿಂದ ತಗೊಂಡೀರಿ.”

ದಿನಕ್ಕೆ ಎರಡು ಹೊತ್ತು ಮಾತ್ರೆ. ವಾಂತಿ ಬಂದಂತೆ ಆಗುತ್ತಿತ್ತು, ಚಹಾ ಕಬ್ಬಿಣ ನೆಕ್ಕಿದಂತೆ ರುಚಿಸುತ್ತಿತ್ತು, ಮಗ್ಗದಲ್ಲಿ ಕೂತರೆ ಎರಡು ತಾಸಿಗೇ ಸುಸ್ತು. ತಿಂಗಳಿಗೊಮ್ಮೆ ರಕ್ತ ನೋಡಬೇಕಿತ್ತು. ಒಮ್ಮೆ ರಕ್ತ ಬಹಳ ಇಳಿದು ಡಾಕ್ಟರಮ್ಮ ಮಾತ್ರೆಯ ಪ್ರಮಾಣವನ್ನೇ ಕಡಿಮೆ ಮಾಡಿದರು. ಅಕ್ಕ ಅದನ್ನು ತನ್ನ ಚೌಕಾಸಿಯ ಗೆಲುವೆಂದು ಓಣಿಯಲ್ಲಿ ಸಾರಿದಳು. ಆದರೆ ವರ್ಷದ ಹೊತ್ತಿಗೆ ಸ್ಕ್ಯಾನ್ ಸ್ವಚ್ಛ ಇತ್ತು. ಕೂದಲು ಬೆಳೆದಿತ್ತು. ನನ್ನ ದರ ಕೇಳಿ ಮತ್ತೆ ಮಗ್ಗ ಬಡಿಯುತ್ತಿದ್ದಳು. ಅದರಷ್ಟು ಒಳ್ಳೆಯ ವರದಿ ಯಾವ ಯಂತ್ರವೂ ಕೊಡಲಿಲ್ಲ.

ಅಡ್ಡಿ ಬಂದದ್ದು ಅಮಾವಾಸ್ಯೆಯಿಂದ.

ನಮ್ಮ ನೇಕಾರರ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಪಂಚಮಿ ಹಬ್ಬಕ್ಕೆ ಮೂರು ದಿನ ಮುಟ್ಟುವುದಿಲ್ಲ. ಓಣಿಯಲ್ಲಿ ಸಾವಾದರೆ ಮಣ್ಣು ಮುಗಿಯುವ ತನಕ ಮುಟ್ಟುವುದಿಲ್ಲ. ಒಂದು ಅಮಾವಾಸ್ಯೆಯ ದಿನ ನಾನು ಹೋದಾಗ ಆಕೆ ಮಗ್ಗಕ್ಕೆ ಕುಂಕುಮ ಹಚ್ಚಿ ಆರಾಮಾಗಿ ಕಾಲು ಚಾಚಿ ಕೂತಿದ್ದಳು. ಮಾತ್ರೆ ಆಯಿತೇ ಎಂದು ಕೇಳಿದೆ.

“ಇವತ್ತಿಲ್ಲ. ಇವತ್ತು ಅಮಾಸಿ. ಒಳಗಿನ ಕೆಚ್ಚೋರಿಗೂ ರಜಾ. ಅವರು ಕೆಲಸಕ್ಕ ಬರದ ದಿನ ಅವರ ಕೈ ಕಟ್ಟಾಕ ಗುಳಿಗಿ ಯಾಕ ಖರ್ಚು ಮಾಡಲಿ?”

ಓದುವವರೇ, ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ನಾನು ಬೈಯಬೇಕಿತ್ತು. ಬದಲಿಗೆ ನನ್ನ ತಲೆ ವರ್ಷಕ್ಕೆ ಎಷ್ಟು ಮಾತ್ರೆ ಉಳಿಯುತ್ತದೆ ಎಂದು ಎಣಿಸತೊಡಗಿತು. “ಭಾಳ ಶಾಣ್ಯಾರದೀರಿ ಅಕ್ಕಾರ” ಎಂದೆ. ಆಕೆ ನನ್ನನ್ನು ಮೂವತ್ತು ವರ್ಷದಲ್ಲಿ ಹೊಗಳಿರಲಿಲ್ಲ, ನಾನೂ ಆಕೆಯನ್ನು ಹೊಗಳಿರಲಿಲ್ಲ. ಮೊದಲ ಸಲ ಹೊಗಳಿದ್ದು ಇಂಥದ್ದಕ್ಕೆ.

ಕೆಲವು ತಿಂಗಳು ಕಳೆದ ಮೇಲೆ ಒಂದು ಭೇಟಿಯಲ್ಲಿ ಡಾಕ್ಟರಮ್ಮ ಹೊಸ ಚೀಟಿ ಬರೆಯಹೊರಟಾಗ ಅಕ್ಕ ಕೈ ಅಡ್ಡ ಹಿಡಿದಳು. “ಈ ಸಲ ಪೂರಾ ಬರೀಬ್ಯಾಡ್ರಿ, ಮನ್ಯಾಗ ಉಳದಾವ.” ಚೀಲದಿಂದ ಒಡೆಯದ ಮಾತ್ರೆಗಳ ಹಾಳೆಗಳನ್ನು ತೆಗೆದು, ಮಗಳ ಲಗ್ನಕ್ಕೆ ಕೂಡಿಟ್ಟ ಬಂಗಾರ ತೋರಿಸುವವಳಂತೆ, ಮೇಜಿನ ಮೇಲೆ ಹರವಿದಳು. ಪಕ್ಕದಲ್ಲಿ ನಾನೂ ಎದೆಯುಬ್ಬಿಸಿ ಕೂತಿದ್ದೆ.

“ಯಾಕ ಉಳದಾವ್ರಿ ಅಮ್ಮಾ? ಮರತ್ರೇನು?”

“ಮರಿಯೋದೇನು? ರಜಾ ಕೊಟ್ಟೇನಿ.” ಅಮಾವಾಸ್ಯೆ, ಪಂಚಮಿ, ಆ ವರ್ಷ ಓಣಿಯಲ್ಲಿ ಸತ್ತ ಆರು ಜನ, ಎಲ್ಲವನ್ನೂ ಬೆರಳು ಮಡಚಿ ಹೇಳಿದಳು. ಮಗ್ಗ ಮುಟ್ಟದ ಒಂದೊಂದು ದಿನವೂ ಮಾತ್ರೆಗೆ ರಜೆಯಾಗಿತ್ತು.

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ರಕ್ತದ ವರದಿಯನ್ನು ನಮ್ಮ ಕಡೆ ತಿರುಗಿಸಿದರು. ರೋಗದ ಸುಳಿವು ಕೊಡುವ ಒಂದು ಅಂಕಿ ಅಷ್ಟು ತಿಂಗಳು ಕೆಳಗೇ ಇದ್ದದ್ದು ಸ್ವಲ್ಪ ಏರಿತ್ತು.

“ಇದಕ್ಕ ಆ ರಜಾನೇ ಕಾರಣ ಅಂತ ನಾ ಹೇಳಂಗಿಲ್ಲ. ಅಲ್ಲ ಅಂತಲೂ ಹೇಳಾಕ ಬರಂಗಿಲ್ಲ. ಆದ್ರ ಅಮ್ಮಾ, ಆ ಕ್ಯಾನ್ಸರ್ ಕೋಶದಾಗ ಕೂತೋರು ಅಮಾಸಿ ಮಾಡಂಗಿಲ್ಲ. ಗುಳಿಗಿ ನಿಂತ ದಿನ ಅವರ ಕೈ ಬಿಚ್ಚತೈತಿ, ಅವರು ಕೆಲಸಾ ಮಾಡತಾರ.”

ಅಕ್ಕ ಮಾತ್ರೆಯ ಹಾಳೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು: “ಹೌದಲ್ಲ. ಪವರ್‌ಲೂಮ್ ಅಮಾಸಿಗೂ ನಡೀತೈತಿ.”

ಸ್ಕ್ಯಾನ್ ಮಾಡಿಸಿ ವರದಿಗಾಗಿ ಎರಡು ದಿನ ಕಾದೆವು. ಆ ಎರಡು ದಿನ ನಾನು ಅಂಗಡಿಯಲ್ಲಿ ಗಿರಾಕಿ ಕೇಳಿದ ದರಕ್ಕೇ ಸೀರೆ ಕೊಟ್ಟೆ. ಗುಮಾಸ್ತ ನನಗೆ ಜ್ವರ ಬಂದಿದೆ ಎಂದುಕೊಂಡ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮುಂದಿನ ತಿಂಗಳು ಅಂಕಿಯೂ ಇಳಿಯಿತು. ಅಂದಿನಿಂದ ಅಕ್ಕ ಒಂದು ಹೊತ್ತೂ ತಪ್ಪಿಸಲಿಲ್ಲ. ಅಮಾವಾಸ್ಯೆಯ ದಿನ ಮಾತ್ರ ಮಗ್ಗಕ್ಕೆ ಬೆನ್ನು ಮಾಡಿ ಕೂತು ನುಂಗುತ್ತಿದ್ದಳು. ಯಾಕೆ ಎಂದು ಕೇಳಿದರೆ, “ಅದು ನೋಡಿದ್ರ ಏನ ತಿಳ್ಕೊಂಡೀತು” ಎನ್ನುತ್ತಿದ್ದಳು.

ಹೀಗೆ ಎರಡು ವರ್ಷದ ಮೇಲೆ ಕೆಲವು ತಿಂಗಳು ನಡೆಯಿತು. ಆಮೇಲೆ ಒಂದು ದಿನ ಸ್ಕ್ಯಾನಿನಲ್ಲಿ ಹೊಸ ಗಂಟುಗಳು ಕಂಡವು. ಮಾತ್ರೆ ತಪ್ಪಿಸಿರಲಿಲ್ಲ, ಊಟದಲ್ಲಿ ತಪ್ಪಿರಲಿಲ್ಲ. ನಾನು ಡಾಕ್ಟರಮ್ಮನ ಮೇಲೆ ರೇಗಿದೆ. ಮಾಲು ಸರಿಯಿಲ್ಲದಿದ್ದರೆ ಕೇಳುವುದು ನನ್ನ ಅಭ್ಯಾಸ. ಅವರು ತಾಳ್ಮೆಯಿಂದ ಹೇಳಿದರು. ಕೆಲವರಲ್ಲಿ ಹೀಗಾಗುತ್ತದಂತೆ. ಕ್ಯಾನ್ಸರ್ ಕೋಶ ತಾನು ಕಳೆದುಕೊಂಡಿದ್ದ ಆ ಎರಡನೆಯ ಗುಂಪನ್ನು ಹೇಗೋ ಮತ್ತೆ ಕಟ್ಟಿಕೊಳ್ಳುತ್ತದೆ, ಆಮೇಲೆ ಈ ಮಾತ್ರೆ ಹಿಡಿಯುವುದಿಲ್ಲ.

“ಅಂದ್ರ ಅದು ಕೆಚ್ಚೋದು ಕಲೀತು,” ಎಂದಳು ಅಕ್ಕ.

“ಹಂಗ ಅನ್ನಬಹುದ್ರಿ.”

“ಕಲೀಲಾರದ ಏನ ಮಾಡೀತು? ಇಷ್ಟು ವರ್ಷ ಯಾರ ಹೊಟ್ಟ್ಯಾಗ ಇತ್ತು?”

ಅಂದಳು, ನಕ್ಕಳು. ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿ ಏನೋ ಹುಡುಕಿದರು. ನಾನು ಮತ್ತೆ ಕಿಮೋ, ಬೇರೆ ಮದ್ದು, ಬೇರೆ ಊರು ಎಂದು ಒಂದೊಂದೇ ಮುಂದಿಟ್ಟೆ. ಕೆಲವನ್ನು ಆಕೆ ಮಾಡಿಸಿಕೊಂಡಳು ಕೂಡ. ಆದರೆ ಆ ದಿನ ಕಾರಿನಲ್ಲಿ ಕೂತ ಮೇಲೆ ಹೇಳಿದ್ದು ಬೇರೆ.

“ತಮ್ಮಾ,” ಎಂದಳು. ನಾನು ಗಾಡಿ ಬದಿಗೆ ನಿಲ್ಲಿಸಿದೆ. “ನಂದು ವ್ಯಾಪಾರ ಮುಗಿಯಾಕ ಬಂತು. ಕೊಣ್ಣೂರಾಕಿದು ಐತಲ್ಲ. ಇದು ನಮ್ಮ ಅವ್ವನ ಕಡಿಯಿಂದ ಬಂದದ್ದು ಅಂತ ಆ ಡಾಕ್ಟರ್ ಹುಡುಗಿ ವರದಿ ಬಂದ ದಿನಾನ ಹೇಳಿತ್ತು. ತಂಗಿ ರಕ್ತಾನೂ ನೋಡಸ್ರಿ ಅಂದಿತ್ತು. ನಾ ಹತ್ತು ಸಲ ಹೇಳೇನಿ, ಆಕಿ ಬರವಲ್ಲಳು. ನೀ ಹೋಗಿ ಕರಕೊಂಡು ಬಾ. ನಿನ್ನ ಕೈಲೆ ಆಗದಿದ್ರ ಅಂಗಡಿ ಬೋರ್ಡ್ ಇಳಸು.”

ಅವರ ತಾಯಿ ಹೊಟ್ಟೆ ಉಬ್ಬಿ ಸತ್ತಿದ್ದರು. ಆಗ ಯಾರೂ ಅದಕ್ಕೆ ಹೆಸರು ಇಟ್ಟಿರಲಿಲ್ಲ. ತಂಗಿಗೂ ಆ ದೋಷ ಬಂದಿರುವ ಸಂಭವ ಅರ್ಧಕ್ಕರ್ಧ. ಬಂದಿದ್ದರೆ ರೋಗ ಹುಟ್ಟುವ ಮೊದಲೇ ಏನಾದರೂ ಮಾಡಬಹುದು.

ಕೊಣ್ಣೂರಿಗೆ ಹೋದೆ. ಮಳೆಗಾಲ, ಮಲಪ್ರಭೆ ತುಂಬಿ ಸೇತುವೆಯ ಮೇಲೆ ನೀರು ಬಂದಿತ್ತು. ತಂಗಿ ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಅಕ್ಕನ ಮುಖವೇ, ನಾಲಿಗೆ ಮಾತ್ರ ಅರ್ಧ.

“ಹುಬ್ಬಳ್ಳಿಗಿ ಹ್ಯಾಂಗ ಬರ್ಲಿರಿ? ಬ್ರಿಜ್ ಮುಳುಗೈತಿ.”

“ಮುಳುಗಿದ್ದು ಹೊಳಿ ಮ್ಯಾಲಿನ ಬ್ರಿಜ್, ಆ ಕಡಿ. ಹುಬ್ಬಳ್ಳಿ ಈ ಕಡಿ ಐತ್ರಿ. ನಾ ಹ್ಯಾಂಗ ಬಂದೆ?”

ಆಕೆ ಮೊರ ಕೆಳಗಿಟ್ಟಳು. ನಿಜವಾದ ಮಾತು ಆಮೇಲೆ ಬಂತು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳನ್ನು ನೋಡಲು ಬರುವವರಿದ್ದರು. ರಕ್ತದಲ್ಲಿ ದೋಷ ಎಂದು ಬರೆದುಕೊಟ್ಟರೆ, ಊರಿಗೆ ಗೊತ್ತಾದರೆ, ಯಾರು ಮಾಡಿಕೊಳ್ಳುತ್ತಾರೆ? ಗೊತ್ತಿಲ್ಲದಿದ್ದರೆ ದೋಷವೇ ಇಲ್ಲವಲ್ಲ. ಈ ತರ್ಕ ಕೇಳಿ ನನಗೆ ನಗು ಬರಲಿಲ್ಲ. ಸೀರೆಯ ಹರಕನ್ನು ಮಡಿಕೆಯ ಒಳಗೆ ಮುಚ್ಚಿಟ್ಟು ನಾನೇ ಎಷ್ಟು ಸಲ ಮಾರಿಲ್ಲ. ನನಗೆ ಗೊತ್ತಿದ್ದ ಎಲ್ಲ ಮಾತೂ ಆಡಿದೆ. ಹೋಗಿಬರುವ ಖರ್ಚು ನನ್ನದು ಎಂದೆ, ಮಗಳಿಗೆ ಒಂದು ಸೀರೆ ಎಂದೆ, ಯಾರಿಗೂ ಹೇಳುವುದಿಲ್ಲ ಎಂದೆ. ಒಪ್ಪಲಿಲ್ಲ. ಕೊನೆಗೆ ಸೋತು ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

ಅಕ್ಕ ಕುಶಲ ಕೇಳಲಿಲ್ಲ. “ಏನಂತಾಳ್ರಿ ಮಹಾರಾಣಿ?”

“ಮಗಳ ಲಗ್ನ ಆಗಲಿ, ಆಮ್ಯಾಲೆ ಅಂತಾರ.”

“ಹೂಂ. ಏಯ್ ತಂಗಿ, ನಿನ್ನ ಮಗಳ ಲಗ್ನದಾಗ ಹಂದರದಾಗ ನೀ ಇರಬೇಕೋ, ನಿನ್ನ ಫೋಟೋ ಇರಬೇಕೋ? ಫೋಟೋ ಅಂದ್ರ ಈಗ ಹೇಳು. ಚಲೋದೊಂದು ತಗಸ್ತೇನಿ. ನಿನ್ನ ಆಧಾರ್ ಕಾರ್ಡಿನ ಮುಖಕ್ಕ ಹಾರ ಹಾಕಿದ್ರ ಬೀಗರು ಎದ್ದು ಓಡತಾರ.”

ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡು, ಫೋನಿನ ಕಡೆ ನೋಡದೆ, “ಎಷ್ಟು ಗಂಟೇಕ ಹೊಂಡಬೇಕು?” ಎಂದು ನನ್ನನ್ನು ಕೇಳಿದಳು.

ಡಾಕ್ಟರಮ್ಮ ಆಕೆಗೂ ಎಲ್ಲ ತಿಳಿಸಿ ಹೇಳಿದರು, ಒಪ್ಪಿಗೆ ತಗೊಂಡರು, ರಕ್ತ ಕಳಿಸಿದರು. ದೋಷ ಇತ್ತು. ವಯಸ್ಸು ನೋಡಿ, ಎರಡು ಸಲ ಕೂಡಿ ಮಾತಾಡಿ, ಅಂಡಾಶಯ ತೆಗೆಸುವುದೆಂದು ಆಕೆಯೇ ತೀರ್ಮಾನಿಸಿದಳು. ತೆಗೆದದ್ದರಲ್ಲಿ ರೋಗ ಸಿಗಲಿಲ್ಲ. ಎದೆಯ ತಪಾಸಣೆ ಈಗಲೂ ನಡೆಯುತ್ತಿದೆ. ಆ ವರದಿ ಓದಿ ಹೇಳಿದಾಗ ಅಕ್ಕ ಹಾಸಿಗೆಯಲ್ಲಿದ್ದಳು, ಮಾತು ಸಣ್ಣದಾಗಿತ್ತು. “ನಾನು ಗೆದ್ದೆ” ಎಂದಳು. ಯಾರ ಮೇಲೆ ಎಂದು ಕೇಳಿದೆ. “ಅವ್ವನ ಮ್ಯಾಲೆ” ಎಂದಳು. ಹನ್ನೆರಡು ದಿನದ ಮೇಲೆ ಹೋದಳು. ದೊಡ್ಡವಳ ಲಗ್ನ ಮೊನ್ನೆ ಆಯಿತು. ತಂಗಿ ಹಂದರದಲ್ಲಿ ಊಟಕ್ಕೆ ಬಡಿಸುವವರನ್ನು ಬೈಯುತ್ತ ಓಡಾಡುತ್ತಿದ್ದಳು. ನಾಲಿಗೆ ಈಗ ಮುಕ್ಕಾಲಾಗಿದೆ.

ಈಗ ನಿಮ್ಮ ವಿಷಯ. ಈ ಮಾತ್ರೆ ಎಲ್ಲ ಕ್ಯಾನ್ಸರಿಗೂ ಅಲ್ಲ, ಎಲ್ಲರಿಗೂ ಅಲ್ಲ. ಯಾರೋ ನುಂಗಿದರೆಂದು ತಂದು ನುಂಗಬೇಡಿ. ಆದರೆ ನಿಮ್ಮ ಮನೆಯಲ್ಲಿ ಅಂಡಾಶಯದ್ದೋ ಎದೆಯದ್ದೋ ಕ್ಯಾನ್ಸರ್ ಬಂದಿದ್ದರೆ, ಡಿಎನ್‌ಎ ಕೂಡಿಸುವ ಪ್ರೋಟೀನ್‌ಗಳಲ್ಲಿ ಹುಟ್ಟಿನಿಂದ ದೋಷವಿದೆಯೇ ಎಂದು ಪರೀಕ್ಷೆ ಮಾಡಬೇಕೇ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ, ಬೈದರೂ ಪುಕ್ಕಟೆ. ಗಂಡಸರೂ ಕೇಳಿ, ಅಪ್ಪನಿಂದಲೂ ಮಗಳಿಗೆ ಇಳಿಯುತ್ತದೆ. ಮದ್ದಿನ ದರಕ್ಕೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ: ಅದೇ ಮದ್ದು ಬೇರೆ ಕಂಪನಿಯದು ಇದೆಯೇ ಎಂದು ಡಾಕ್ಟರನ್ನು ಕೇಳಿ, ರೋಗಿಗಳಿಗೆ ಕಂಪನಿಯ ರಿಯಾಯಿತಿ ಇದೆಯೇ ವಿಚಾರಿಸಿ, ಮೂರು ಅಂಗಡಿಗೆ ಫೋನ್ ಮಾಡಿ, ಬಿಲ್ ಇಲ್ಲದೆ ತಗೊಳ್ಳಬೇಡಿ. ಪ್ರಮಾಣಕ್ಕೆ ಮಾತ್ರ ಚೌಕಾಸಿ ಬೇಡ. ಸುಸ್ತಾದರೆ, ವಾಂತಿಯಾದರೆ ಹೇಳಿ, ಇಳಿಸುವುದು ಡಾಕ್ಟರ ಕೆಲಸ. ಒಂದು ಹೊತ್ತು ತಪ್ಪಿದರೆ ಮರುಹೊತ್ತು ಎರಡು ನುಂಗಬೇಡಿ. ರಕ್ತ ತೋರಿಸುವ ದಿನ ಉಳಿದ ಮಾತ್ರೆಗಳನ್ನೂ ಖಾಲಿ ಹಾಳೆಗಳನ್ನೂ ಚೀಲದಲ್ಲಿ ಒಯ್ದು ಮೇಜಿನ ಮೇಲೆ ಹರವಿ, ನಾಚಿಕೊಳ್ಳಬೇಡಿ. ಮತ್ತು ದೋಷ ಸಿಕ್ಕರೆ ಅಂದೇ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ತಿಳಿಸಿ. ಸಂಜೆ ಫೋನ್ ಮಾಡಬೇಡಿ, ಧಾರಾವಾಹಿಯ ಹೊತ್ತು, ಹೂಂ ಹೂಂ ಎಂದು ಇಟ್ಟುಬಿಡುತ್ತಾರೆ. ಬೆಳಿಗ್ಗೆ ಮಾಡಿ. ಒಪ್ಪದಿದ್ದರೆ ಬಸ್ಸು ಹತ್ತಿ ಮನೆಗೇ ಹೋಗಿ, ಹೋಗುವಾಗ ಅವರೂ ನಿಮ್ಮ ಜೊತೆ ದವಾಖಾನೆಗೆ ಬರಲು ಒಂದು ಟಿಕೆಟ್ಟಿನ ದುಡ್ಡು ಜೇಬಿನಲ್ಲಿ ಇಟ್ಟುಕೊಂಡಿರಿ.